ಸಿವಾಸ್‌ಗೆ ಹೋದ ಲೇತ್

ಕಳೆದ ಆಯುಧಪೂಜೆಯ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರದೋ ಕಾರು ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯಿತು. ನೆಲದ ಮೇಲೆ ಮೊದಲೇ ಒಸರಿದ್ದ ಎಂಜಿನ್ ಆಯಿಲ್‌ಗೆ ನಿಂಬೆರಸ ಸೇರಿ ಒಂದು ವಾಸನೆ ಎದ್ದಿತು. ಸುತ್ತ ನಿಂತವರು ಕಡಲೆಪುರಿ ಹಂಚುತ್ತಿದ್ದರು. ನಾನು ಕೈಗೆ ಬಂದ ಪೊಟ್ಟಣ ಹಿಡಿದುಕೊಂಡೇ ಲಿಫ್ಟಿನ ಕಡೆ ನಡೆದೆ.

"ಯಾಕೆ ಆಂಟಿ, ಮಂಗಳಾರತಿ ಆಗೋವರ್ಗೂ ಇರಲ್ವಾ?" ಎಂದಳು ಪಕ್ಕದ ಮನೆಯಾಕೆ.

"ತಲೆ ನೋಯ್ತಿದೆ ಕಣಮ್ಮ" ಎಂದೆ. ತಲೆ ನೋಯುತ್ತಿರಲಿಲ್ಲ.

ಮೇಲೆ ಬಂದು ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. 1978ರ ದಿನಚರಿ, ಆಗ ನಾನೇ ಸಂಪಾದಿಸುತ್ತಿದ್ದ ಕಾರ್ಖಾನೆ ಪತ್ರಿಕೆಯ ಒಂದು ಸಂಚಿಕೆ, ಅಂಚು ಹರಿದ ಕಂದು ಲಕೋಟೆ ಒಂದು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಬರೆದಿಟ್ಟದ್ದು, ಅಚ್ಚಾದದ್ದು, ಕಣ್ಣಿಗೆ ಕಾಣುವಂಥದ್ದು, ಹೀಗೆ ಸಾಕ್ಷಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕೆಂದು ಕಲಿಸಿದ್ದರು. ನಾಲ್ಕನೆಯ ಸಾಕ್ಷಿ ನನ್ನ ನೆನಪು. ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ತಡವರಿಸದೆ ಮಾತಾಡುತ್ತದೆ, ಅದೇ ನನ್ನ ಅನುಮಾನ. ಆ ದಿನ ದಿನಚರಿ ಓದಿದೆ, ಪತ್ರಿಕೆ ಓದಿದೆ. ಲಕೋಟೆಯನ್ನು ಮಾತ್ರ ಪಕ್ಕಕ್ಕಿಟ್ಟೆ.

ಎಂ.ಎ. ಮುಗಿದು ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಅಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಚಾರ್ಜ್‌ಮನ್. ಅವರ ಪರಿಚಯದವರ ಮೂಲಕ ಪೀಣ್ಯದಲ್ಲಿದ್ದ ಖಾಸಗಿ ಲೇತ್ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸವಾಯಿತು. ಎಕ್ಸ್‌ಪೋರ್ಟ್ ವಿಭಾಗಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು, ಮೂರು ತಿಂಗಳಿಗೊಮ್ಮೆ ಕಾರ್ಮಿಕರಿಗಾಗಿ ಕನ್ನಡ ಪತ್ರಿಕೆ ತರುವುದು. ಆಗಿನ ಪೀಣ್ಯದಲ್ಲಿ ಒಂದು ಶೆಡ್ಡಿನ ಗೋಡೆ ಮುಗಿದಲ್ಲಿ ರಾಗಿ ಹೊಲ ಶುರುವಾಗುತ್ತಿತ್ತು, ಹೊಲ ಮುಗಿದಲ್ಲಿ ಇನ್ನೊಂದು ಶೆಡ್ಡಿನ ತಳಪಾಯ. ಮಳೆ ಬಂದರೆ ತುಮಕೂರು ರಸ್ತೆಯಿಂದ ಒಳಗೆ ನಡೆದು ಬರುವಷ್ಟರಲ್ಲಿ ಸೀರೆಯ ಅಂಚು ಮೊಣಕಾಲಿನವರೆಗೂ ಕೆಂಪಾಗುತ್ತಿತ್ತು. ಆ ವರ್ಷ ಸೆಪ್ಟೆಂಬರಿನಿಂದಲೇ ಮೋಡ. ಜೋರಾಗಿ ಸುರಿಯದೆ, ಬಿಡದೆ, ದಿನವಿಡೀ ಜಿನುಗುವ ಮಳೆ. ಎರಕದ ಕಬ್ಬಿಣಕ್ಕೆ ಅಂಥ ಹವೆ ಒಳ್ಳೆಯದಲ್ಲ. ಸಂಜೆ ಎಣ್ಣೆ ಒರೆಸದೆ ಬಿಟ್ಟ ಭಾಗ ಬೆಳಿಗ್ಗೆಗೆ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು.

ಆ ವರ್ಷ ನಮಗೆ ಸಿಕ್ಕಿದ್ದ ದೊಡ್ಡ ವಿದೇಶಿ ಆರ್ಡರ್ ಟರ್ಕಿಯದು. ಸಿವಾಸ್ ಎಂಬ ಪ್ರಾಂತದ ರೈಲ್ವೆ ವರ್ಕ್‌ಶಾಪಿಗೆ ಒಂದು ಉದ್ದನೆಯ ಲೇತ್, ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. ಅದರ ಕೆಲಸ ಹನುಮಯ್ಯನ ಕೈಯಲ್ಲಿತ್ತು. ಹನುಮಯ್ಯ ಪೀಣ್ಯದವನೇ. ನಮ್ಮ ಅಸೆಂಬ್ಲಿ ಶೆಡ್ಡು ಎದ್ದಿದ್ದ ಜಾಗದಲ್ಲಿ ಅವನ ಮನೆಯವರ ಹುರುಳಿ ಹೊಲವಿತ್ತು. ಜಮೀನು ಕೊಟ್ಟವರ ಮನೆಗೊಬ್ಬರಿಗೆ ಕೆಲಸ ಎಂದು ಸೇರಿಸಿಕೊಂಡು, ಆರು ವರ್ಷದಿಂದ ಟೆಂಪರರಿಯಾಗಿಯೇ ಇಟ್ಟಿದ್ದರು. ಎಕ್ಸ್‌ಪೋರ್ಟ್ ಮ್ಯಾನೇಜರ್ ಮೂರ್ತಿಯವರು ಎಲ್ಲರ ಎದುರಿಗೇ ಅವನಿಗೆ ಹೇಳಿದ್ದರು: "ಈ ಮಿಷನ್ ಮದ್ರಾಸಲ್ಲಿ ಹಡಗು ಹತ್ತಲಿ ಹನುಮಯ್ಯ. ಅವತ್ತೇ ನಿನ್ನ ಪರ್ಮನೆಂಟ್ ಆರ್ಡರ್." ಆ ಆರ್ಡರನ್ನು ಟೈಪ್ ಮಾಡಿದವಳು ನಾನೇ. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು ಫೈಲಿನಲ್ಲಿಟ್ಟಿದ್ದೆ. ಅದು ಅವನಿಗೂ ಗೊತ್ತಿತ್ತು. ಎದುರಾದಾಗಲೆಲ್ಲ, "ಕಾಗ್ಜ ಭದ್ರವಾಗೈತಾ ಅಮ್ಮಾ? ಇಲಿ ಗಿಲಿ ತಿಂದಾತು" ಎನ್ನುತ್ತಿದ್ದ.

ಅವನ ಕೆಲಸ ಏನೆಂದು ಹೇಳಬೇಕು. ಲೇತಿನ ಕೆಳಗೆ ಉದ್ದಕ್ಕೆ ಮಲಗಿರುವ ಕಬ್ಬಿಣದ ಹಾಸಿಗೆಯನ್ನು ಬೆಡ್ ಎನ್ನುತ್ತಾರೆ. ಉಳಿದ ಭಾಗಗಳೆಲ್ಲ ಅದರ ಮೇಲೆ ಜಾರಬೇಕು. ಅದು ಕೂದಲೆಳೆಯಷ್ಟು ಡೊಂಕಾದರೂ ಇಡೀ ಮಿಷನ್ ಸುಳ್ಳು ಹೇಳುತ್ತದೆ. ಯಂತ್ರದಿಂದ ಎಷ್ಟು ನಯ ಮಾಡಿದರೂ ಕೊನೆಯ ಕೆಲಸ ಕೈಯದೇ. ಸಮತಟ್ಟಾದ ಪಟ್ಟಿಗೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಉಜ್ಜುತ್ತಾರೆ. ಎಲ್ಲಿ ನೀಲಿ ಹತ್ತಿತೋ ಅಲ್ಲಿ ಉಬ್ಬಿದೆ ಎಂದರ್ಥ. ಆ ಉಬ್ಬನ್ನು ಚೂಪಾದ ಉಳಿಯಂಥ ಸ್ಕ್ರೇಪರಿನಿಂದ ಕೆರೆಯಬೇಕು, ಮತ್ತೆ ನೀಲಿ, ಮತ್ತೆ ಕೆರೆತ, ಹೀಗೆ ವಾರಗಟ್ಟಲೆ. ಮುಗಿದಾಗ ಬೆಡ್ಡಿನ ಮೇಲೆ ಮೀನಿನ ಹುರುಪೆಯಂಥ ಸಣ್ಣ ಹೊಳಪುಗಳು ಸಾಲಾಗಿ ನಿಂತಿರುತ್ತವೆ. ಕೆರೆದವನು ಯಾರೆಂದು ಆ ಹೊಳಪು ನೋಡಿಯೇ ಶೆಡ್ಡಿನವರು ಹೇಳುತ್ತಿದ್ದರು. ಹನುಮಯ್ಯನದು ಎಡಕ್ಕೆ ಒಂದಿಷ್ಟು ವಾಲಿದ ಬರವಣಿಗೆಯ ಹಾಗೆ.

ಮಿಷನ್ ಪರೀಕ್ಷಿಸಲು ಸಿವಾಸಿನಿಂದಲೇ ಒಬ್ಬ ಇನ್ಸ್‌ಪೆಕ್ಟರ್ ಬಂದರು. ನೆಜಾತ್ ಎಂದು ಹೆಸರು. ಅವರ ಕಡೆ ಗೌರವಕ್ಕೆ ಹೆಸರಿನ ಕೊನೆಗೆ 'ಬೇ' ಸೇರಿಸುತ್ತಾರಂತೆ. ಶೆಡ್ಡಿನಲ್ಲಿ ಅದು 'ನಜಾತ್ ಬಾಯ್' ಆಯಿತು. ನಲವತ್ತೈದರ ಆಸುಪಾಸು, ದಪ್ಪ ಮೀಸೆ, ಸದಾ ಉಣ್ಣೆಯ ಕೋಟು. ಜರ್ಮನ್ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ನಿಧಾನ. ನನ್ನನ್ನು ಅವರ ಜೊತೆ ದುಭಾಷಿಯಾಗಿ ಬಿಟ್ಟರು.

ಮೊದಲ ವಾರವೇ ಅವರ ಕೋಟಿನ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಪೋಸ್ಟ್‌ಕಾರ್ಡ್ ಕಟ್ಟು ಹೊರಬಂತು. ಅವರ ಪ್ರಾಂತದ ಹಳೆಯ ಕಟ್ಟಡಗಳು. ಊಟದ ವಿರಾಮದಲ್ಲಿ ಕ್ಯಾಂಟೀನಿನ ಕಲ್ಲುಬೆಂಚಿನ ಮೇಲೆ ಒಂದೊಂದಾಗಿ ಹರಡಿದರು. ಮೊದಲನೆಯದು ಏಳುನೂರು ವರ್ಷದ ಒಂದು ಪಾಠಶಾಲೆ, ಅಮೃತಶಿಲೆಯ ಬಾಗಿಲು, ಮೇಲೆ ಎರಡು ಇಟ್ಟಿಗೆಯ ಮಿನಾರು, ಇಟ್ಟಿಗೆಯ ನಡುನಡುವೆ ನೀಲಿ ಹೆಂಚಿನ ಚೂರು. ಗೋಕ್ ಮೆದ್ರೆಸೆ ಎಂದರೆ ಆಕಾಶದ ಬಣ್ಣದ ಪಾಠಶಾಲೆ ಎಂದರು. ಹನುಮಯ್ಯ ತನ್ನ ಬೆರಳಿಗೆ ಹತ್ತಿದ್ದ ಬಣ್ಣವನ್ನು ಕಾರ್ಡಿನ ಪಕ್ಕಕ್ಕೆ ಹಿಡಿದು, "ನಮ್ ಬ್ಲೂನೇ ಕಣಮ್ಮಾ, ಒಸಿ ನೀರ್ ಜಾಸ್ತಿ ಆಗೈತೆ" ಎಂದ. ನಾನು ಅದನ್ನು ಹೇಳಿದಾಗ ನೆಜಾತ್ ಅವರು ನಕ್ಕರು.

ಎರಡನೆಯ ಕಾರ್ಡಿನಲ್ಲಿ ಇನ್ನೊಂದು ಜೋಡಿ ಮಿನಾರು. ಅದಕ್ಕೆ ಮುಂಗೋಡೆ ಮಾತ್ರ ಉಳಿದಿದೆ, ಬಾಗಿಲು ದಾಟಿದರೆ ಬಯಲು. ಅದರ ಎದುರಿಗೇ ಹಳೆಯ ಆಸ್ಪತ್ರೆ. ಕಟ್ಟಿಸಿದ ಸುಲ್ತಾನನನ್ನು ಆ ಆಸ್ಪತ್ರೆಯೊಳಗೇ ಮಣ್ಣು ಮಾಡಿದ್ದಾರೆ. ಮೂರನೆಯದರಲ್ಲಿ ಕೆಂಪು ನದಿಯ ಮೇಲಿನ ಸೇತುವೆ, ನಡುವೆ ಮೊಣಕೈಯಂತೆ ಬಾಗಿದೆ. ನೆರೆ ಬಂದಾಗ ನೀರಿನ ಹೊಡೆತ ಒಡೆಯಲೆಂದು ಹಾಗೆ ಕಟ್ಟಿದ್ದಾರೆ ಎಂದು ಅವರ ಕಡೆ ಹೇಳುತ್ತಾರಂತೆ. ಕ್ರೇನ್ ಓಡಿಸುವ ಸೆಲ್ವರಾಜ, "ನಮ್ ಪೀಡಬ್ಲ್ಯೂಡಿಯೋರು ಕಟ್ಟಿದ್ರೆ ಬೇಕು ಅಂತ ಬಗ್ಗಿಸ್ಬೇಕಾಗಿಲ್ಲ ಮಚ್ಚಾ, ತಾನೇ ಬಗ್ಗುತ್ತೆ" ಎಂದ.

ನಾಲ್ಕನೆಯದನ್ನು ಅವರು ಕೈಯಿಂದ ಬಿಡಲಿಲ್ಲ. ದಿವ್ರೀ ಎಂಬ ಬೆಟ್ಟದೂರು, ಅವರ ತಾಯಿಯ ತವರು. ಅಲ್ಲಿ ಒಂದೇ ಗೋಡೆಯ ಈಚೆ ಆಚೆ ಮಸೀದಿ ಮತ್ತು ಆಸ್ಪತ್ರೆ. ಮಸೀದಿ ಕಟ್ಟಿಸಿದ್ದು ಅರಸ, ಆಸ್ಪತ್ರೆ ಕಟ್ಟಿಸಿದ್ದು ಒಬ್ಬ ಅರಸಿ. ಹೆಬ್ಬಾಗಿಲಿನ ಕಲ್ಲಿನಲ್ಲಿ ಬಳ್ಳಿ, ಎಲೆ, ನಕ್ಷತ್ರ ಗೋಡೆ ಬಿಟ್ಟು ಹೊರಗೆ ಬಂದಂತೆ ಕೆತ್ತಿವೆ, ಒಂದರಂತೆ ಇನ್ನೊಂದಿಲ್ಲ. ಕೆಲಸ ಮಾಡಿದ ಮೇಸ್ತ್ರಿ ತನ್ನ ಹೆಸರನ್ನೂ ಊರನ್ನೂ ಅಲ್ಲೇ ಬರೆದಿದ್ದಾನೆ. ಬಾಗಿಲ ಪಕ್ಕದಲ್ಲಿ ಸಪೂರ ಕಂಬವೊಂದಿದೆಯಂತೆ. ಹಿಂದೆ ಅದನ್ನು ಕೈಯಿಂದ ತಿರುಗಿಸಬಹುದಿತ್ತು. ಕಟ್ಟಡ ನೆಟ್ಟಗೆ ನಿಂತಿರುವಷ್ಟು ದಿನ ಅದು ತಿರುಗುತ್ತದೆ, ಎಲ್ಲಾದರೂ ಅಲುಗಿದರೆ ಭಾರ ಅದರ ಮೇಲೆ ಕೂತು ಸಿಕ್ಕಿಕೊಳ್ಳುತ್ತದೆ. ಅವರ ಬಾಲ್ಯದಲ್ಲಿ ದೊಡ್ಡ ಭೂಕಂಪವಾಯಿತು. ಆಮೇಲೆ ಕಂಬ ತಿರುಗಲಿಲ್ಲ.

ಹನುಮಯ್ಯ ಊಟದ ಕ್ಯಾರಿಯರ್ ಪಕ್ಕಕ್ಕಿಟ್ಟು ಬಗ್ಗಿ ನೋಡಿದ. "ಅಂಗಾರೆ ಅದು ಕಂಬ ಅಲ್ಲ ಕಣಮ್ಮಾ, ಡಯಲ್ ಗೇಜು. ಎಲ್ಲಿ ಎಷ್ಟ್ ಸರೀತು ಅಂತ ತೋರ್ಸಾಕೆ ಇಕ್ಕವ್ರೆ."

ನಾನು ಹೇಳಿದೆ. ನೆಜಾತ್ ಅವರು ಎದ್ದು ನಿಂತು ಹನುಮಯ್ಯನ ಕೈ ಕುಲುಕಿದರು. "ಉಸ್ತಾ" ಎಂದರು. ಮೇಸ್ತ್ರಿ ಎಂದು ಅರ್ಥ. ಅಂದಿನಿಂದ ಅವನನ್ನು ಹಾಗೇ ಕರೆದರು.

ಹೀಗೆ ನನಗೆ ನೆನಪು. ದಿನಚರಿಯಲ್ಲಿ ಕೈ ಕುಲುಕಿದ ವಿಷಯವಿಲ್ಲ. "ಪೋಸ್ಟ್‌ಕಾರ್ಡ್ ನೋಡಿದೆವು. ಲೇಖನ ಮಾಡಬಹುದು" ಎಂದಷ್ಟೇ ಇದೆ. 'ಡಯಲ್ ಗೇಜು' ಎಂಬ ಮಾತು ಮಾತ್ರ ಪುಟದ ಅಂಚಿನಲ್ಲಿ ಅವನದೇ ಎಂದು ಗುರುತು ಹಾಕಿ ಬರೆದಿದೆ. ಅಷ್ಟನ್ನು ನಾನು ಕಲ್ಪಿಸಿಕೊಂಡಿಲ್ಲ.

ಒಂದು ಶನಿವಾರ ಮಧ್ಯಾಹ್ನ ಕಾರ್ಖಾನೆಯ ವ್ಯಾನಿನಲ್ಲಿ ನೆಜಾತ್ ಅವರನ್ನೂ ಹನುಮಯ್ಯನನ್ನೂ ಕರೆದುಕೊಂಡು ಮಾದನಾಯಕನಹಳ್ಳಿ ಆಚೆಗಿನ ಒಂದು ಪಾಳು ಗುಡಿಗೆ ಹೋದೆ. ನನಗೂ ಏನಾದರೂ ತೋರಿಸಬೇಕೆಂಬ ಹಟ. ಹೊಲದ ನಡುವೆ ಒಂದು ಮಂಟಪ, ಲಂಟಾನ ಪೊದೆ, ಒಳಗೆ ತಿರುಗಣೆಯಲ್ಲಿ ಕಡೆದ ನಾಲ್ಕು ಕಲ್ಲಿನ ಕಂಬ. ನಮ್ಮವರು ಶತಮಾನಗಳ ಹಿಂದೆಯೇ ಕಲ್ಲನ್ನು ಲೇತಿಗೆ ಕಟ್ಟಿದ್ದರು ಎಂದು ಭಾಷಣ ಮಾಡಿದೆ. ನೆಜಾತ್ ಅವರು ಜೇಬಿನಿಂದ ಕ್ಯಾಲಿಪರ್ ತೆಗೆದು ಕಂಬಕ್ಕೆ ಹಿಡಿದು ನಾಲ್ಕು ಕಡೆ ಅಳೆದರು.

"ಏನಂತೆ, ಪಾಸಾ ಫೇಲಾ?" ಹನುಮಯ್ಯನಿಗೆ ನಿಜವಾಗಿಯೂ ಆತಂಕ.

"ಸ್ವಲ್ಪ ಅಂಡಾಕಾರ ಇದೆಯಂತೆ."

"ಎಣ್ಣೆ ಹಾಕ್ದೆ ಇಷ್ಟ್ ವರ್ಸ ನಿಂತೈತೆ, ಅದ್ನೂ ರಿಪೋರ್ಟಲ್ಲಿ ಬರ್ಕೊಳಾಕೆ ಯೋಳಿ."

ವಾಪಸು ಬರುವಾಗ ಮಳೆ ಹಿಡಿಯಿತು. ನೆಜಾತ್ ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: ಅವರು ಹೊರಡುವ ಸಮಯದಲ್ಲಿ ಸಿವಾಸಿನ ಬೀದಿಗಳಲ್ಲಿ ಜನ ಹೊಡೆದಾಡುತ್ತಿದ್ದರು. ಒಂದೇ ಬೀದಿಯವರು, ಬೇರೆ ಬೇರೆ ಪಂಥದವರು. ಹೆಂಡತಿಯ ಕಾಗದ ಬಂದು ಮೂರು ವಾರವಾಗಿತ್ತು, ಆಮೇಲೆ ಸುದ್ದಿಯಿರಲಿಲ್ಲ. "ನಮ್ಮ ಪೋಸ್ಟ್‌ಕಾರ್ಡುಗಳನ್ನು ಗಮನಿಸಿದಿರಾ? ಒಂದರಲ್ಲೂ ಜನ ಇಲ್ಲ. ಫೋಟೋ ತೆಗೆಯುವವನು ಬೀದಿ ಖಾಲಿಯಾಗುವವರೆಗೂ ಕಾಯುತ್ತಾನೆ" ಎಂದರು. ಮಿಷನ್ ಹಡಗಿಗೆ ಹೋಗುವುದನ್ನು ನೋಡಿದ ಮರುದಿನವೇ ವಿಮಾನ ಹತ್ತುವುದಾಗಿ ಹೇಳಿದರು. ಹಾಗಾಗಿ ಆ ಲೇತಿಗಾಗಿ ಕಾಯುತ್ತಿದ್ದವರು ಇಬ್ಬರು, ಒಬ್ಬರು ಮನೆಗೆ ಹೋಗಲು, ಇನ್ನೊಬ್ಬ ಕೆಲಸ ಖಾಯಮಾಗಲು.

ಆಯುಧಪೂಜೆಯ ಹೊತ್ತಿಗೆ ಮಿಷನ್ ಪರೀಕ್ಷೆಯಲ್ಲಿ ಪಾಸಾಗಿತ್ತು. ನೆಜಾತ್ ಅವರು ವರದಿಗೆ ಸಹಿ ಹಾಕುವುದೊಂದೇ ಬಾಕಿ. ರಜೆ ಮುಗಿದ ಮೇಲೆ ಜಿಡ್ಡು ಬಳಿದು ಪೆಟ್ಟಿಗೆ ಹೊಡೆಯಬೇಕಿತ್ತು.

ಕಾರ್ಖಾನೆಗಳಲ್ಲಿ ಆಯುಧಪೂಜೆ ಎಂದರೆ ಏನೆಂದು ಅಲ್ಲಿ ದುಡಿದವರಿಗೆ ಗೊತ್ತು. ವರ್ಷವಿಡೀ ಬೈದುಕೊಂಡ ಮಿಷನ್ನಿಗೆ ಅಂದು ಮಾವಿನೆಲೆ, ಚೆಂಡುಹೂವು, ಅರಿಸಿನ ಕುಂಕುಮ. ಬೂದುಗುಂಬಳ ಒಡೆಯುವುದು, ನಿಂಬೆಹಣ್ಣು ಹೋಳು ಮಾಡಿ ಕುಂಕುಮ ತುಂಬಿ ಇಡುವುದು. ಆದರೆ ಫಿಟ್ಟರುಗಳಿಗೆ ಒಂದು ನಿಯಮವಿತ್ತು. ಕೆರೆದ ಬೆಡ್ಡಿನ ಮೇಲೆ ಮೊದಲು ಎಣ್ಣೆ ಕಾಗದ, ಅದರ ಮೇಲೆ ಮರದ ಹಲಗೆ, ಪೂಜೆ ಏನಿದ್ದರೂ ಹಲಗೆಯ ಮೇಲೆ. ಹನುಮಯ್ಯ ಅಂದು ಬೆಳಿಗ್ಗೆಯೇ ಹಲಗೆ ಹಾಸಿದ್ದ.

ನನಗೆ ಪತ್ರಿಕೆಗೆ ಫೋಟೋ ಬೇಕಿತ್ತು. ಸಿವಾಸಿನ ಕಟ್ಟಡಗಳ ಬಗ್ಗೆ ಲೇಖನ ಬರೆದು ಮುಗಿಸಿದ್ದೆ. ನಮ್ಮ ಕಬ್ಬಿಣವೂ ಅವರ ಕಲ್ಲೂ ಅಕ್ಕಪಕ್ಕ ಬರಲಿ ಎಂದು ಆಸೆ. ಪ್ರತಿ ಕಟ್ಟಡಕ್ಕೂ ಮೇಸ್ತ್ರಿಯಿರುತ್ತಾನೆ ಎಂದು ಹನುಮಯ್ಯನ ಹೆಸರನ್ನೂ ಬರೆದಿದ್ದೆ. ಅವನಿಗೆ ಅದನ್ನು ಓದಿ ಹೇಳಿದಾಗ, "ನಾವು ಮಿಷನ್ ಮ್ಯಾಲೆ ಸೀರಿಯಲ್ ನಂಬರ್ ಹೊಡಿಯೋದೇ ಹೊರ್ತು ಹೆಸ್ರು ಎಲ್ ಹಾಕ್ತೀವಮ್ಮಾ" ಎಂದು ನಾಚಿಕೊಂಡು, ಮತ್ತೊಮ್ಮೆ ಓದಿಸಿಕೊಂಡಿದ್ದ.

ಫೋಟೋದವನು ಹೇಳಿದ, ಹಲಗೆ ಇದ್ದರೆ ಹೊಳಪು ಕಾಣಿಸುವುದಿಲ್ಲ.

"ಹನುಮಯ್ಯ, ಒಂದೈದು ನಿಮಿಷ ಹಲಗೆ ತೆಗೀತೀರಾ?" ಎಂದೆ.

"ಬ್ಯಾಡ ಅಮ್ಮಾ."

"ಫೋಟೋ ಆದ್ಮೇಲೆ ಹಾಕಿದ್ರಾಯ್ತು. ನಿಮ್ಮ ಕೆಲ್ಸಾನೇ ಕಾಣ್ಸೋದು."

ಸೆಲ್ವರಾಜ ಹಿಂದಿನಿಂದ ಕೂಗಿದ: "ತೆಗಿ ಗುರು, ಟರ್ಕಿಗೆ ಹೋಗೋ ಮದುಮಗಳು, ಮುಸುಕು ತೆಗ್ದು ತೋರ್ಸಪ್ಪಾ!" ಎಲ್ಲರೂ ನಕ್ಕರು. ಹಲಗೆ ಇಳಿಯಿತು, ಎಣ್ಣೆ ಕಾಗದವೂ ಇಳಿಯಿತು. ಹೂ ಹಾಕಿದರು. ನಿಂಬೆಹೋಳು ಬಂತು. ಫೋಟೋ ತೆಗೆದಾಯಿತು. ಅಷ್ಟರಲ್ಲಿ ಹೊರಗೆ ಕುಂಬಳಕಾಯಿ ಒಡೆದ ಸದ್ದು, ಸಿಹಿ ಬೂಂದಿ ಹಂಚಲು ಕೂಗು, ರಜೆಯ ಬಸ್ಸು ಹೊರಡುವ ಹಾರನ್ನು. ಎಲ್ಲರೂ ಹೊರಗೆ ಓಡಿದೆವು. ಹಲಗೆ ಗೋಡೆಗೆ ಒರಗಿಯೇ ಉಳಿಯಿತು.

ಆ ದಿನದ ದಿನಚರಿ: "ಫೋಟೋ ಚೆನ್ನಾಗಿ ಬರಬಹುದು. ಮೋಡ." ಕೆಳಗೆ ಅರ್ಧ ಪುಟ ಖಾಲಿ.

ಮರುದಿನ ವಿಜಯದಶಮಿ, ಅದರ ಮರುದಿನವೂ ರಜೆ ಕೊಟ್ಟಿದ್ದರು. ಮೂರನೆಯ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಎಲ್ಲರೂ ಮಿಷನ್ನಿನ ಸುತ್ತ ನಿಂತಿದ್ದರು. ಹನುಮಯ್ಯ ಬೆಡ್ಡಿನ ಮೇಲೆ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದ. ನಿಂಬೆಹೋಳುಗಳಿದ್ದ ಎರಡು ಜಾಗದಲ್ಲಿ ಎರಡು ಕಪ್ಪು ವೃತ್ತ, ಸುತ್ತ ಕಂದು ಅಂಚು. ಹುಳಿ ಕಬ್ಬಿಣವನ್ನು ತಿಂದಿತ್ತು. ಉಗುರು ಎಳೆದರೆ ತಗ್ಗು ಗೊತ್ತಾಗುತ್ತಿತ್ತು. ಅದೂ ಮಿಷನ್ನಿನ ಭಾಗಗಳು ಹೆಚ್ಚಾಗಿ ಜಾರಾಡುವ ಕಡೆ. ಒಂದು ಕಡೆ ತಗ್ಗಾದರೆ ಇಡೀ ಬೆಡ್ಡನ್ನು ಅಷ್ಟು ಕೆಳಗೆ ಇಳಿಸಬೇಕು. ಎಂದರೆ ಮೊದಲಿನಿಂದ ಕೆರೆಯಬೇಕು. ಹಡಗು ತಪ್ಪುತ್ತದೆ.

ಮೂರ್ತಿಯವರು ಬಂದರು. ಅವರು ಕೆಟ್ಟವರಾಗಿರಲಿಲ್ಲ, ಹೆದರಿದ್ದರು. "ಯಾರ್ರೀ ಈ ಕೆಲ್ಸ ಮಾಡಿದ್ದು? ಎಕ್ಸ್‌ಪೋರ್ಟ್ ಮಿಷನ್ ಮೇಲೆ ನಿಂಬೆಹಣ್ಣು! ನಾಳೆ ಅವ್ರ ದೇಶದಲ್ಲಿ ಏನಂತಾರೆ?" ಎಂದು ಸುತ್ತ ನೋಡಿದರು. ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ನೆಜಾತ್ ಅವರು ಬಗ್ಗಿ ಕಲೆಯ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮತ್ತೆ ಮೂರು ವಾರ ಇಲ್ಲೇ ಎಂದು ಅವರಿಗೆ ಆ ಕ್ಷಣವೇ ಗೊತ್ತಾಗಿರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಉಸ್ತಾನನ್ನು ಕೇಳಿ. ಇದನ್ನು ಇಟ್ಟವರು ಯಾರು? ಅವನು ಇಡುವವನಲ್ಲ" ಎಂದರು.

ನಾನು ಕೇಳಿದೆ. ಹನುಮಯ್ಯ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಬೆಡ್ಡಿನ ತುದಿಯಲ್ಲಿಟ್ಟ. ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ.

"ಯಾರ್ ಮಡಗಿದ್ರೇನಮ್ಮಾ. ಹಲಗೆ ತೆಗ್ದೋನು ನಾನು. ನಾನೇ ಮಡಗ್ದೆ ಅಂತ ಯೋಳ್ಬುಡಿ."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ವಾಕ್ಯ: ತಾನೇ ಇಟ್ಟೆ ಎನ್ನುತ್ತಾನೆ.

ಇದು ದಿನಚರಿಯಲ್ಲಿಲ್ಲ. ಪತ್ರಿಕೆಯಲ್ಲಂತೂ ಇಲ್ಲ. ನೆನಪು ಮಾತ್ರ ಹೇಳುವುದು. ನಂಬಬೇಡ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಅವನ ಆ ಮೂರು ವಾಕ್ಯಗಳಲ್ಲಿ ಒಂದಕ್ಷರವೂ ಅಳಿಸಿಲ್ಲ. ಅವನು ಆಡಿದ್ದು ಮೂರು, ನಾನು ದಾಟಿಸಿದ್ದು ಅರ್ಧ. ಅವನು 'ಅಂತ ಹೇಳಿಬಿಡಿ' ಎಂದದ್ದನ್ನು ನಾನು 'ಎನ್ನುತ್ತಾನೆ' ಮಾಡಿದೆ. ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು ಹೀಗೆ: ಅವನೇ ಒಪ್ಪಿಕೊಂಡ ಮೇಲೆ ನಾನು ಯಾರು? ವರ್ಷಗಳು ಕಳೆದಂತೆ ಸಮಾಧಾನ ಗಟ್ಟಿಯಾಗಿ, ನಿಂಬೆಹೋಳನ್ನು ಅವನೇ ಇಟ್ಟ ಚಿತ್ರವೂ ಕಣ್ಣ ಮುಂದೆ ಬರತೊಡಗಿತು. ನೀಲಿ ಹತ್ತಿದ ಬೆರಳು, ಬೆರಳ ನಡುವೆ ಕುಂಕುಮದ ನಿಂಬೆ. ಎಷ್ಟು ಸ್ಪಷ್ಟ ಎಂದರೆ, ನಾನು ಆಣೆ ಮಾಡಿ ಹೇಳಬಲ್ಲವಳಾಗಿದ್ದೆ.

ಹದಿನೆಂಟು ದಿನ ಹನುಮಯ್ಯ ಬೆಡ್ಡನ್ನು ಮತ್ತೆ ಕೆರೆದ. ಮಳೆ ನಿಂತಿರಲಿಲ್ಲ, ಶೆಡ್ಡಿನ ಶೀಟಿನ ಮೇಲೆ ಒಂದೇ ಸಮನೆ ಸದ್ದು. ಕರೆಂಟು ಹೋದಾಗ ಉಳಿದವರೆಲ್ಲ ಬೀಡಿ ಸೇದಲು ಹೊರಗೆ ಹೋದರೆ ಅವನು ಕಿಟಕಿಯ ಬೆಳಕಿನಲ್ಲಿ ಕೆರೆಯುತ್ತಲೇ ಇರುತ್ತಿದ್ದ. ಕೈಕೆಲಸಕ್ಕೆ ಕರೆಂಟು ಯಾಕೆ? ನೆಜಾತ್ ಅವರು ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನನ್ನನ್ನು ಕರೆಯುವುದನ್ನು ಅವರು ಬಿಟ್ಟಿದ್ದರು. ಒಮ್ಮೆ ದೂರದಿಂದ ನೋಡಿದೆ. ನೆಜಾತ್ ಅವರೇ ನೀಲಿ ಸವರುತ್ತಿದ್ದರು, ಹನುಮಯ್ಯ ಕೆರೆಯುತ್ತಿದ್ದ. ಅಷ್ಟರಲ್ಲಿ ಸಿವಾಸಿನಿಂದ ಕಾಗದ ಬಂತೆಂದು ಸೆಲ್ವರಾಜ ಹೇಳಿದ. ನೆಜಾತ್ ಅವರ ಹೆಂಡತಿ ಮಕ್ಕಳು ಬೇರೆ ಊರಿಗೆ, ಅಣ್ಣನ ಮನೆಗೆ ಹೋಗಿದ್ದರಂತೆ. ಹೆಚ್ಚು ಕೇಳುವ ಮುಖ ನನಗಿರಲಿಲ್ಲ.

ಮಿಷನ್ ಮೊದಲಿಗಿಂತ ಚೆನ್ನಾಗಿಯೇ ಪಾಸಾಯಿತು. ವರದಿಯಲ್ಲಿ ನೆಜಾತ್ ಅವರು ನಿಂಬೆಹಣ್ಣಿನ ವಿಷಯವನ್ನೇ ಬರೆಯಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ಪೆಟ್ಟಿಗೆ ಲಾರಿ ಹತ್ತಿತು, ಅತ್ತಿಬೆಲೆ ಮೇಲೆ ಮದ್ರಾಸಿಗೆ ಹೋಯಿತು. ಹೊರಡುವಾಗ ನೆಜಾತ್ ಅವರು ದಿವ್ರೀ ಹೆಬ್ಬಾಗಿಲಿನ ಕಾರ್ಡನ್ನು ಹನುಮಯ್ಯನಿಗೆ ಕೊಟ್ಟರು. ನನಗೆ ಸೇತುವೆಯದು ಕೊಟ್ಟರು.

ಹಡಗು ಹೊರಟ ತಂತಿ ಬಂದ ದಿನ ಫೈಲು ತೆಗೆದುಕೊಂಡು ಮೂರ್ತಿಯವರ ಕೋಣೆಗೆ ಹೋದೆ. "ಸಾರ್, ಹನುಮಯ್ಯಂದು ತಾರೀಖು ಹಾಕ್ಲಾ?"

ಅವರು ತಲೆ ಎತ್ತಲಿಲ್ಲ. "ಯಾವ ತಾರೀಖಮ್ಮ? ಅವನೇ ಒಪ್ಕೊಂಡಿದಾನಲ್ಲ. ಮೇಲ್ನವ್ರು ಒಂದು ಹೆಸ್ರು ಕೇಳಿದ್ರು, ಕೊಟ್ಟಾಯ್ತು. ಈ ತಿಂಗಳ ಕೊನೆಗೆ ಅವನ ಟೆಂಪರರಿ ಮುಗೀತು. ಮತ್ತೆ ಇನ್ನೊಂದು, ಮ್ಯಾಗಜೀನಲ್ಲಿ ಅವನ ಹೆಸ್ರಿದ್ರೆ ತೆಗೆದ್ಬಿಡಿ."

"ಸಾರ್, ಅದು ಅವ್ರು ಬೇಕಂತ..."

"ಬೇಕಂತ ಮಾಡಿದ ಅಂತ ಯಾರಂದ್ರು? ನಿಮಗೇನಾದ್ರೂ ಬೇರೆ ಗೊತ್ತಿದ್ರೆ ಹೇಳಿ."

ಅವರು ಈಗ ತಲೆ ಎತ್ತಿದ್ದರು. ಅಷ್ಟು ಅಗಲ ಬಾಗಿಲು ನನಗೆ ಇನ್ನೊಮ್ಮೆ ಯಾರೂ ತೆರೆದಿಲ್ಲ. "ಇಲ್ಲ ಸಾರ್" ಎಂದು ಹೊರಬಂದೆ. ಹನುಮಯ್ಯನ ಹೆಸರಿದ್ದ ಸಾಲನ್ನು ಹೊಡೆದು ಹಾಕಿದೆ. ಈಗ ಅಚ್ಚಾದ ಲೇಖನ ಓದಿದರೆ ಸಿವಾಸಿನ ಮಿನಾರುಗಳಿವೆ, ಬಾಗಿದ ಸೇತುವೆಯಿದೆ, ದಿವ್ರೀಯ ಮೇಸ್ತ್ರಿ ಕಲ್ಲಿನಲ್ಲಿ ಹೆಸರು ಬರೆದದ್ದೂ ಇದೆ. 'ನಮ್ಮ ಲೇತ್' ಎಂಬ ಪ್ಯಾರಾದಲ್ಲಿ ಮಾತ್ರ ಯಾರೂ ಇಲ್ಲ. ಆ ಪೋಸ್ಟ್‌ಕಾರ್ಡುಗಳ ಹಾಗೆ, ಬೀದಿ ಖಾಲಿಯಾಗುವವರೆಗೂ ಕಾದು ಬರೆದಂತಿದೆ.

ಕೊನೆಯ ದಿನ ಅವನು ನನ್ನ ಮೇಜಿನ ಹತ್ತಿರ ಬಂದಿದ್ದನೇ? ಬಂದಿದ್ದ ಎಂದು ನೆನಪು, "ಬತ್ತೀನಿ ಕಣಮ್ಮಾ" ಎಂದ ಎಂದು ನೆನಪು. ಆದರೆ ದಿನಚರಿಯ ಪ್ರಕಾರ ಆ ವಾರ ನಾನು ಜ್ವರವೆಂದು ರಜೆ ಹಾಕಿದ್ದೆ.

ಒಂದು ಬಾರಿ ಮತ್ತೆ ಸಿಕ್ಕಿದ್ದು ನಿಜ. ಏಳು ವರ್ಷದ ಮೇಲೆ, ದಾಸರಹಳ್ಳಿ ಬಸ್ ಸ್ಟಾಪಿನಲ್ಲಿ. ಕೈಯಲ್ಲಿ ಬಟ್ಟೆ ಸುತ್ತಿದ ಸ್ಕ್ರೇಪರ್, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಹೋಗಿ ಹಳೆಯ ಬೆಡ್ಡುಗಳನ್ನು ಕೆರೆದುಕೊಡುತ್ತಿದ್ದನಂತೆ. ಎಲ್ಲೂ ಖಾಯಂ ಆಗಿರಲಿಲ್ಲ. ಅವನೇ ನನ್ನನ್ನು ಗುರುತು ಹಿಡಿದ.

"ಚೆನ್ನಾಗಿದೀರಾ ಅಮ್ಮಾ? ಆ ನಜಾತ್ ಬಾಯ್ ಕಾಗ್ಜ ಗೀಗ್ಜ ಬರೆದ್ರಾ?"

ಬರೆದಿದ್ದರು. ಹನುಮಯ್ಯ ಕೆಲಸ ಬಿಟ್ಟು ಹೋದ ನಾಲ್ಕು ತಿಂಗಳಿಗೇ ಕಾರ್ಖಾನೆಯ ವಿಳಾಸಕ್ಕೆ, ನನ್ನ ಹೆಸರಿಗೆ ಒಂದು ಕಾರ್ಡು ಬಂದಿತ್ತು. ಉಸ್ತಾಗೆ ತಿಳಿಸಿ, ಬೆಡ್ಡು ಇಲ್ಲಿ ಕೂರಿಸಿ ಅಳೆದೆವು, ಒಂದಿಷ್ಟೂ ಸರಿದಿಲ್ಲ ಎಂದು ಬರೆದಿದ್ದರು. ಅದನ್ನು ತಲುಪಿಸಲು ನಾನು ಹನುಮಯ್ಯನ ಮನೆ ಹುಡುಕಿಕೊಂಡು ಹೋಗಬೇಕಿತ್ತು. ಮನೆ ಕಾರ್ಖಾನೆಯಿಂದ ಹತ್ತು ನಿಮಿಷದ ದಾರಿ.

"ಇಲ್ಲ ಹನುಮಯ್ಯ, ಬರೀಲಿಲ್ಲ" ಎಂದೆ. ಏಳು ವರ್ಷ ಇಟ್ಟುಕೊಂಡದ್ದನ್ನು ಬಸ್ ಸ್ಟಾಪಿನ ನಡುವೆ ಹೇಗೆ ಕೊಡುವುದು?

"ಓಗ್ಲಿ ಬುಡಿ, ಅವ್ರಿಗೂ ಏನ್ ತಾಪತ್ರಯವೋ. ಆ ಡಯಲ್ ಗೇಜ್ ಕಂಬ ಈಗ್ಲಾದ್ರೂ ತಿರುಗ್ತೈತೋ ಏನೋ ಅಂತ ಒಂದೊಂದ್ ಕಿತ ನೆಪ್ಪಾಯ್ತದೆ."

ನೆಲಮಂಗಲದ ಬಸ್ಸು ಬಂತು. ಅವನು ಹತ್ತಿದ. ಆಮೇಲೆ ಅವನ ಸುದ್ದಿ ನನಗೆ ಗೊತ್ತಿಲ್ಲ.

ಇಷ್ಟನ್ನೂ ಓದಿ, ನೆನೆದು, ಕೊನೆಗೆ ಲಕೋಟೆ ತೆರೆದೆ. ಅದರಲ್ಲಿ ನೆಜಾತ್ ಅವರ ಆ ಕಾರ್ಡು ಇತ್ತು. ಅದರ ಹಿಂದೆ ಒಂದು ಫೋಟೋ, ಆಯುಧಪೂಜೆಯ ದಿನದ್ದು, ಪತ್ರಿಕೆಗಾಗಿ ಕತ್ತರಿಸುವ ಮೊದಲಿನ ಪೂರ್ತಿ ಪ್ರತಿ. ನಡುವೆ ಹೊಳೆಯುವ ಬೆಡ್ಡು, ಚೆಂಡುಹೂವು, ಒಂದು ನಿಂಬೆಹೋಳು. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಕೆಂಪು ಪೆನ್ಸಿಲಿನ ಗೆರೆ, ಇಲ್ಲಿಗೆ ಕತ್ತರಿಸಿ ಎಂದು ಪ್ರೆಸ್ಸಿನವರಿಗೆ ಸೂಚನೆ, ನನ್ನದೇ ಅಕ್ಷರ. ಗೆರೆಯ ಆಚೆ ಹನುಮಯ್ಯ ಬೆಡ್ಡಿನಿಂದ ಮಾರು ದೂರದಲ್ಲಿ ಹಲಗೆ ಹಿಡಿದುಕೊಂಡು ನಿಂತಿದ್ದಾನೆ, ಎರಡೂ ಕೈ ಹಲಗೆಯ ಮೇಲೆ. ಅವನ ಮುಂದೆ, ಬೆಡ್ಡಿನ ಮೇಲೆ ಚಾಚಿ, ಎರಡನೆಯ ನಿಂಬೆಹೋಳನ್ನು ಇಡುತ್ತಿರುವ ಒಂದು ಕೈ. ಮಣಿಕಟ್ಟಿನಲ್ಲಿ ಎರಡು ಗಾಜಿನ ಬಳೆ. ಅಂದು ಆ ಶೆಡ್ಡಿನಲ್ಲಿ ನಾನಲ್ಲದೆ ಬೇರೆ ಹೆಂಗಸಿರಲಿಲ್ಲ.

ಮರೆತಿದ್ದೆ ಎಂದು ಹೇಳಬಹುದು. ಮರೆವಿಗೂ ಒಂದು ತಾರೀಖಿರುತ್ತದೆ. ಸಂಚಿಕೆ ಅಚ್ಚಿಗೆ ಹೋದದ್ದು ಡಿಸೆಂಬರಿನಲ್ಲಿ, ಹನುಮಯ್ಯ ಗೇಟು ದಾಟಿ ಹೋದ ಮೇಲೆ. ಆ ಗೆರೆಯನ್ನು ಎಳೆದದ್ದು ಆಗ. ಕೈಯನ್ನು ಹೊರಗಿಟ್ಟು ಗೆರೆ ಎಳೆಯಬೇಕಾದರೆ ಕೈ ಎಲ್ಲಿದೆಯೆಂದು ನೋಡಿಯೇ ಎಳೆಯಬೇಕು.

ದಿನಚರಿಯ ಆ ಪುಟ ತೆರೆದೆ. "ಫೋಟೋ ಚೆನ್ನಾಗಿ ಬರಬಹುದು. ಮೋಡ." ಕೆಳಗೆ ಖಾಲಿ ಉಳಿದಿದ್ದ ಅರ್ಧ ಪುಟದಲ್ಲಿ ಬರೆದೆ: "ಹಲಗೆ ತೆಗೆಸಿದ್ದು ನಾನು. ಎರಡನೆಯ ನಿಂಬೆಹೋಳನ್ನಾದರೂ ಇಟ್ಟವಳು ನಾನು. ಹನುಮಯ್ಯ ಹೇಳಿದ್ದು, 'ನಾನೇ ಮಡಗ್ದೆ ಅಂತ ಯೋಳ್ಬುಡಿ.'" 1978ರಲ್ಲೇ ಬರೆದದ್ದೆಂದು ಯಾರೂ ತಿಳಿಯದಿರಲಿ ಎಂದು ಕೆಳಗೆ ಈಗ ಬರೆದ ದಿನದ ತಾರೀಖನ್ನೇ ಹಾಕಿದೆ.